ಹುಟ್ಟುವಳಿಯ ನೀರು, ಗಂಟಿನ ನೀರು

ಪ್ರಕೃತಿಯ ಸಂಪತ್ತಿನಲ್ಲಿ ಎರಡು ಬಗೆಯುಂಟೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಬಿಸಿಲು, ಗಾಳಿ, ಮಳೆ ಬಳಸಿದಷ್ಟೂ ಮರಳಿ ಬರತಕ್ಕವು. ಕಲ್ಲಿದ್ದಲು, ಎಣ್ಣೆ, ಚಿನ್ನ ತೆಗೆದಷ್ಟೂ ತೀರತಕ್ಕವು. ಈ ವಿಂಗಡಣೆಯಲ್ಲಿ ನೀರು ಮೊದಲನೆಯ ಸಾಲಿನದು. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನೀರಿನ ಚರಿತ್ರೆಯನ್ನು ನೋಡಿದರೆ, ಈ ಸಾಲುಗಳ ನಡುವಣ ಗೆರೆ ನಾವೆಣಿಸಿದಷ್ಟು ಗಟ್ಟಿಯಾದುದಲ್ಲವೆಂದು ತಿಳಿಯುತ್ತದೆ.

ನಂದಿಬೆಟ್ಟವನ್ನು ನದಿಗಳ ತವರೆನ್ನುವ ರೂಢಿಯುಂಟು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಅರ್ಕಾವತಿಗಳು ಆ ಬೆಟ್ಟಸಾಲಿನಲ್ಲಿಯೂ ಅದರ ಆಸುಪಾಸಿನಲ್ಲಿಯೂ ಹುಟ್ಟುತ್ತವೆ. ಪಾಲಾರ್ ಹುಟ್ಟುವುದು ಚಿಂತಾಮಣಿಯ ಕಡೆ. ಇಷ್ಟು ಹೆಣ್ಣುಮಕ್ಕಳಿದ್ದರೂ ತವರಿನಲ್ಲಿ ನಿಲ್ಲುವವರು ಒಬ್ಬರೂ ಇಲ್ಲ. ವರ್ಷವಿಡೀ ಹರಿಯುವ ಹೊಳೆ ಈ ಸೀಮೆಯಲ್ಲಿಲ್ಲ. ವರ್ಷದ ಮಳೆ ಸುಮಾರು 700 ಮಿಲಿಮೀಟರು, ಹಳೆಯ ಲೆಕ್ಕದಲ್ಲಿ 28 ಅಂಗುಲ.

ಈ ಅಲ್ಪ ಹುಟ್ಟುವಳಿಯಲ್ಲಿಯೇ ಸಂಸಾರ ತೂಗಿಸಲು ಹಿಂದಿನವರು ಕಂಡುಕೊಂಡ ಉಪಾಯ ಕೆರೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಅದು ತುಂಬಿದರೆ ಮುಂದಿನದಕ್ಕೆ. ಕೆರೆ ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಲ್ಪಟ್ಟಿತ್ತು; ಕಟ್ಟಿದವರಿಗೆ, ಕಾಪಾಡಿದವರಿಗೆ ಭೂಮಿ ಬಿಟ್ಟುದನ್ನು ನಮ್ಮ ಶಾಸನಗಳು ಹೇಳುತ್ತವೆ. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ ಸಾಹೇಬರು 1866ರಲ್ಲಿ ಈ ನಾಡಿನ ಕೆರೆಗಳನ್ನು ಕಂಡು, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬ ಅಭಿಪ್ರಾಯಕ್ಕೆ ಬಂದರು. ಮದರಾಸಿನೊಡನೆ ಆದ 1892ರ ಒಪ್ಪಂದವಂತೂ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಪಾಲಾರ್ ನದಿಗಳ ಮೇಲೆ ಆ ಸರ್ಕಾರದ ಸಮ್ಮತಿಯಿಲ್ಲದೆ ಮೈಸೂರು ಹೊಸ ಕಟ್ಟೆ ಕಟ್ಟದಂತೆ ಮಾಡಿತು. ಇದ್ದ ಕೆರೆಗಳೇ ಗತಿಯಾದವು.

ಕೆರೆಯ ನೀರನ್ನು ತೂಬಿನಲ್ಲಿ ಅಳೆದು ಬಿಡಲು ನೀರುಗಂಟಿ ಇದ್ದ. ಬಾವಿಯ ನೀರನ್ನು ಮೇಲೆತ್ತಲು ಕಪಿಲೆಯ ಎತ್ತುಗಳಿದ್ದವು. ಎತ್ತು ತಿನ್ನುವುದು ಆ ವರ್ಷದ ಹುಲ್ಲು, ಎತ್ತುವುದು ಕೆಲವು ವರ್ಷಗಳ ಮಳೆ. ಎತ್ತು ದಣಿದಾಗ ಬಾವಿಗೂ ಬಿಡುವು ಸಿಗುತ್ತಿತ್ತು. ಆ ಬಿಡುವಿನಲ್ಲಿ ಕೆರೆಯಿಂದ ಇಂಗಿದ ನೀರು ಬಾವಿಗೆ ಊರುತ್ತಿತ್ತು.

ಬದಲಾವಣೆ ಒಳ್ಳೆಯ ಉದ್ದೇಶದಿಂದಲೇ ಬಂದಿತು. 1966-67ರಲ್ಲಿ ಉತ್ತರ ಭಾರತದಲ್ಲಿ ಬರ ಬಿದ್ದ ಸಮಯದಲ್ಲಿ, ಕುಡಿಯುವ ನೀರಿಗಾಗಿ, ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ಯುನಿಸೆಫ್ ಸಂಸ್ಥೆ ಭಾರತಕ್ಕೆ ತರಿಸಿತು. ಮುಂದೆ ಅಂಥ ಯಂತ್ರಗಳು ಹೊಲಗಳಿಗೂ ಬಂದವು. ಕೊಳವೆಬಾವಿಯ ನೀರಿನಿಂದ ಶಿಡ್ಲಘಟ್ಟದ ಹಿಪ್ಪುನೇರಳೆ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಚಿಂತಾಮಣಿಯ ಟೊಮ್ಯಾಟೊ ಬೆಳೆದವು. ಮಕ್ಕಳು ಓದಿದರು, ಮನೆಗಳು ಎದ್ದವು. ಇದನ್ನು ಮರೆತು ರೈತನನ್ನು ದೂರುವುದು ನ್ಯಾಯವಲ್ಲ. ಆದರೆ ಇಲ್ಲಿಯ ನೆಲ ಕಗ್ಗಲ್ಲಿನದು. ಮೇಲಿನ ಸವೆದ ಪದರಕ್ಕೆ ಮಳೆ ಬೇಗ ಇಂಗುತ್ತದೆ. ಅದರ ಕೆಳಗೆ ನೀರಿರುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಕೊಳವೆ 1,000 ಅಡಿ ದಾಟಿದ ಮೇಲೆ ನಾವು ಎತ್ತುತ್ತಿರುವುದು ಮೊನ್ನೆಯ ಮಳೆಯನ್ನಲ್ಲ, ತಲೆಮಾರುಗಳ ಗಂಟನ್ನು. ಆ ನೀರಿನೊಡನೆ ಹಲವೆಡೆ ಫ್ಲೋರೈಡೂ ಮೇಲೆ ಬರುತ್ತದೆ.

ಎತ್ತುವ ಶಕ್ತಿಯ ಕಥೆಯೂ ಹೀಗೆಯೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಬಂದಾಗ ಅದು ಕಾವೇರಿಯ ಧುಮುಕಿನಿಂದ ಹುಟ್ಟಿದ ಶಕ್ತಿ. 1985ರಿಂದ ರಾಯಚೂರಿನ ಕಲ್ಲಿದ್ದಲೂ ಅದರೊಡನೆ ಕೂಡಿಕೊಂಡಿತು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತವಾದ್ದರಿಂದ ಎಷ್ಟು ಎತ್ತಿದೆವೆಂಬ ಲೆಕ್ಕವೂ ತಪ್ಪಿತು. ನಾಳೆ ಎಲ್ಲ ಪಂಪುಗಳೂ ಬಿಸಿಲಿನಿಂದಲೇ ನಡೆದಾವು. ಬಿಸಿಲು ಮುಗಿಯದು, ನಿಜ. ಆದರೆ ಮುಗಿಯದ ಶಕ್ತಿಯಿಂದ ಮುಗಿಯುವ ನೀರನ್ನು ಎತ್ತಿದರೆ ಬಾವಿ ಬತ್ತುವುದು ತಪ್ಪೀತೆ?

2007ರವರೆಗೆ ಈ ತಾಲ್ಲೂಕುಗಳು ಸೇರಿದ್ದ ಕೋಲಾರ ಜಿಲ್ಲೆಯಲ್ಲಿಯೇ ಆ ಚಿನ್ನದ ಗಣಿಯೂ ಇತ್ತು. 3 ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ಮತ್ತೆ ಬೆಳೆದೀತೆಂದು ಯಾರೂ ಕಾಯಲಿಲ್ಲ. ನೀರನ್ನೂ ನಾವು ಗಣಿಯಂತೆಯೇ ತೋಡಿದೆವು. ಆದರೆ ಅದು ಬೆಳೆಯುತ್ತಲೇ ಇರುವುದೆಂದು ನಂಬಿದೆವು.

ಈಗ ನೀರು ಹೊರಗಿನಿಂದ ಬರುತ್ತಿದೆ. ನಂದಿಯ ಮಗಳಾದ ಅರ್ಕಾವತಿ 1896ರಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಬೆಂಗಳೂರಿನ ಬಾಯಾರಿಕೆ ಕಳೆದಿತ್ತು. ಇಂದು ಬೆಂಗಳೂರು ಬಳಸಿ ಬಿಟ್ಟ ನೀರು, ಎರಡು ಹಂತದಲ್ಲಿ ಶುದ್ಧಿಯಾಗಿ, ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಯುತ್ತಿದೆ. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಜನರ ಕೂಗು ನ್ಯಾಯವಾದದ್ದೇ. ಪಶ್ಚಿಮ ಘಟ್ಟದ ಎತ್ತಿನಹೊಳೆಯ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆತಿದೆ.

ಹೊರಗಿನ ನೀರು ಬರಲಿ, ಬೇಡವೆನ್ನುವವರಾರು? ಆದರೆ ಬಂದ ನೀರು ನಿಲ್ಲಬೇಕಾದುದು ಅದೇ ಹಳೆಯ ಕೆರೆಗಳಲ್ಲಿ. ಹೂಳು ತೆಗೆಯದೆ, ಒತ್ತುವರಿಯಾದ ರಾಜಕಾಲುವೆಗಳನ್ನು ಬಿಡಿಸದೆ ಎಷ್ಟು ನೀರು ತಂದರೇನು? ಅದಕ್ಕಿಂತ ಮುಖ್ಯವಾಗಿ, ಈ ವರ್ಷ ಇಂಗಿದ್ದೆಷ್ಟು, ಎತ್ತಿದ್ದೆಷ್ಟು ಎಂಬ ಲೆಕ್ಕ ಊರೂರಿನಲ್ಲಿಯೂ ಇರಬೇಕು. ನೀರುಗಂಟಿ ತೂಬಿನ ಬಳಿ ನಿಂತು ಮಾಡುತ್ತಿದ್ದ ಕೆಲಸ ಅದೇ. ಅವನ ಹುದ್ದೆಯನ್ನು ನಾವು ಯಾರಿಗೂ ಕೊಡದೆ ಬಿಟ್ಟಿದ್ದೇವೆ.