ಹುಣಸೆಬೀಜದ ದಾಳ
ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನವಿತ್ತರು. ಅರಮನೆಯ ಆಟಗಳಿಗೆ ಕುಶಲಕರ್ಮಿಗಳಿದ್ದರು. ಜನಸಾಮಾನ್ಯರ ಚೌಕಾಬಾರಕ್ಕೆ ಜಗಲಿಯೇ ಕಾರ್ಯಾಗಾರ. ಹುಣಸೆಹಣ್ಣು ಬಿಡಿಸಿದ ದಿನ ಸಮಗಾತ್ರದ ಬೀಜಗಳನ್ನು ಆರಿಸಿ, ಒರಟು ಕಲ್ಲಿನ ಮೇಲೆ ಒಂದು ಮಗ್ಗುಲು ಬೆಳ್ಳಗಾಗುವಂತೆ ಉಜ್ಜಿದರೆ ದಾಳ ಸಿದ್ಧ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ. ಒಮ್ಮೆಗೇ 40 ಬೀಜ ಉಜ್ಜಿದರೆ 10 ಕುಟುಂಬಗಳಿಗೆ ಸಾಕು. ನಾಲ್ವರಿಗೆ ತಲಾ 4ರಂತೆ 16 ಕಾಯಿಗಳು ಬಳೆಚೂರುಗಳಿಂದ ಒದಗುತ್ತಿದ್ದವು; ನೆಲದ ಮೇಲೆ ಬರೆದ 25 ಚೌಕಗಳೇ ಹಲಗೆ.

ದುಡಿಮೆ ಅರಸಿ ಘಟ್ಟವಿಳಿದು ಚಿಂಬಲ್‌ಗೆ ಬಂದವರು ಇದನ್ನು ಗಂಟು ಕಟ್ಟಿ ತರಬೇಕಿರಲಿಲ್ಲ; ಹುಣಸೆ ಇಲ್ಲಿಯೂ ಉಂಟು. ಕಳೆದುಹೋಗಬಹುದಾದುದು ಉಜ್ಜುವ, ಎಣಿಸುವ, ನಾಲ್ವರು ಕೂಡಿ ಕೂರುವ ರೂಢಿ ಮಾತ್ರ. ಹಿರಿಯರು ಒಂದು ಸಂಜೆ ಮಕ್ಕಳೊಡನೆ ಆ ಒರಟು ಕಲ್ಲಿನ ಮುಂದೆ ಕುಳಿತರೆ ಅದೂ ಉಳಿದೀತು.