ರೋಮಿನ ಕೊನೆಯ ಬೆಳದಿಂಗಳು

ಪ್ರವಾಸಕಥನಗಳಲ್ಲಿ ಊರು ಸೇರಿದ ಸಂಭ್ರಮಕ್ಕೆ ಸಿಗುವಷ್ಟು ಎಡೆ ಊರು ಬಿಡುವ ದಿನಗಳಿಗೆ ಸಿಗುವುದು ಅಪರೂಪ. ಬಂದ ಹೊಸತರಲ್ಲಿ ಯಾತ್ರಿಕನು ನಗರವನ್ನು ನೋಡುತ್ತಾನೆ. ಹೊರಡುವ ಹೊತ್ತಿಗೆ ಅದೇ ಬೀದಿ, ಅದೇ ಕಂಬಗಳ ನಡುವೆ ತನ್ನ ಬಾಳನ್ನೇ ನೋಡಿಕೊಳ್ಳುತ್ತಾನೆ. ಜರ್ಮನ್ ಮಹಾಕವಿ ಗಯಟೆಯು 1788ರ ಏಪ್ರಿಲ್ ತಿಂಗಳಿನಲ್ಲಿ ರೋಮ್ ನಗರದಲ್ಲಿ ಕಳೆದ ಕೊನೆಯ ದಿನಗಳು ಇದಕ್ಕೆ ಒಳ್ಳೆಯ ನಿದರ್ಶನ.

ಕಾಳಿದಾಸನ ಶಾಕುಂತಲವನ್ನು ಮನಸಾರೆ ಮೆಚ್ಚಿದವನೆಂದು ನಾವು ಬಲ್ಲ ಈ ಕವಿ ವೈಮಾರ್ ಎಂಬ ಪುಟ್ಟ ಸಂಸ್ಥಾನದಲ್ಲಿ ಮಂತ್ರಿಯಾಗಿದ್ದವನು. ರಸ್ತೆ, ಗಣಿ, ಸೈನ್ಯಗಳ ಕಡತಗಳಲ್ಲಿ ಹತ್ತು ವರ್ಷ ಸವೆದ ಮೇಲೆ, 1786ರ ಸೆಪ್ಟೆಂಬರ್ 3ರ ನಸುಕಿನಲ್ಲಿ, ಗೆಳೆಯರಿಗೂ ತಿಳಿಸದೆ ಕಾರ್ಲ್ಸ್‌ಬಾಡಿನಿಂದ ಇಟಲಿಯತ್ತ ಹೊರಟುಬಿಟ್ಟನು. ಆಗ ಅವನ ವಯಸ್ಸು 37. ರೋಮಿನ ಕೋರ್ಸೋ ಬೀದಿಯ ಮನೆಯೊಂದರಲ್ಲಿ, ಮಿಲ್ಲರ್ ಎಂಬ ಹುಸಿ ಹೆಸರಿನ ಚಿತ್ರಕಾರನಾಗಿ ನೆಲೆಸಿದನು. ಚಿತ್ರಕಾರನ ವೇಷ ಕೇವಲ ವೇಷವಾಗಿರಲಿಲ್ಲ; ಆ ಕಲೆಯಲ್ಲಿ ತಾನು ಏನಾದರೂ ಸಾಧಿಸಬಹುದೆಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು. ನೂರಾರು ಚಿತ್ರಗಳನ್ನು ಬರೆದನು. ಕೊನೆಗೆ 1788ರ ಫೆಬ್ರವರಿಯಲ್ಲಿ, ತಾನು ಹುಟ್ಟಿರುವುದು ಕಾವ್ಯಕ್ಕೇ ಎಂಬ ನಿರ್ಣಯಕ್ಕೆ ಬಂದನು. ಹೊರಡುವ ದಿನಗಳು ಹತ್ತಿರವಾದಂತೆ ಅವನು ರೋಮನ್ನು ಮಾತ್ರವಲ್ಲ, ತನ್ನ ಒಂದು ಹಂಬಲವನ್ನೂ ಬಿಟ್ಟುಕೊಡಬೇಕಾಗಿದ್ದಿತು.

ಬೀಳ್ಕೊಳ್ಳುವ ಮುನ್ನ ಮೂರು ರಾತ್ರಿ ಹುಣ್ಣಿಮೆಯ ಚಂದ್ರ ನಿರ್ಮಲವಾದ ಆಕಾಶದಲ್ಲಿ ಬೆಳಗಿದನಂತೆ. ಗಯಟೆ ಒಂಟಿಯಾಗಿ ಕೋರ್ಸೋ ಬೀದಿಯಲ್ಲಿ ನಡೆದು ಕ್ಯಾಪಿಟೋಲ್ ಗುಡ್ಡವನ್ನೇರಿದನು. ಮಾರ್ಕಸ್ ಅರೇಲಿಯಸ್ ಚಕ್ರವರ್ತಿಯ ಕಂಚಿನ ಕುದುರೆಸವಾರಿಯನ್ನು ದಾಟಿ ಹಿಂಬದಿಯ ಮೆಟ್ಟಿಲುಗಳನ್ನು ಇಳಿದನು. ಸೆಪ್ಟಿಮಿಯಸ್ ಸೆವೆರಸನ ವಿಜಯದ್ವಾರ ಕಪ್ಪು ನೆರಳನ್ನು ಚೆಲ್ಲಿ ನಿಂತಿತ್ತು. ದಿನವೂ ಕಂಡು ಪರಿಚಯವಾಗಿದ್ದ ಹಾಳು ಗುಡಿಗಳೂ ಕಂಬಗಳೂ ಅಂದು ಅಪರಿಚಿತವಾಗಿ, ಪ್ರೇತಗಳಂತೆ ತೋರಿದವು. ಕೊಲೋಸಿಯಮ್ಮಿನ ಮುಚ್ಚಿದ ಬಾಗಿಲಿನ ಸರಳುಗಳ ನಡುವಿನಿಂದ ಒಳಗೆ ಇಣುಕಿದಾಗ ಮೈ ನಡುಗಿ, ಬೇಗಬೇಗನೆ ಮನೆಗೆ ಹಿಂದಿರುಗಿದನು.

ಆ ಹೊತ್ತಿನಲ್ಲಿ ಅವನ ನೆನಪಿಗೆ ಬಂದದ್ದು ಪ್ರಾಚೀನ ರೋಮಿನ ಕವಿ ಓವಿಡ್. ಕ್ರಿ. ಶ. 8ರಲ್ಲಿ ಅಗಸ್ಟಸ್ ಚಕ್ರವರ್ತಿಯ ಆಜ್ಞೆಯಂತೆ ಕಪ್ಪು ಸಮುದ್ರದ ತೀರಕ್ಕೆ ಗಡೀಪಾರಾಗಿ, ಮತ್ತೆ ರೋಮನ್ನು ಕಾಣದೆ ಸತ್ತ ಆ ಕವಿ ತನ್ನ ಕಡೆಯ ರಾತ್ರಿಯನ್ನು ಕುರಿತು ಶೋಕಗೀತೆಯೊಂದನ್ನು ಬರೆದಿದ್ದಾನೆ. ಗಯಟೆಯನ್ನು ಯಾರೂ ಹೊರದೂಡಿರಲಿಲ್ಲ. ಅವನು ಹೋಗುತ್ತಿದ್ದುದು ತನ್ನ ಮನೆಗೆ, ತನ್ನ ಪದವಿಗೆ. ಹಾಗಿದ್ದರೂ ದೇಶಭ್ರಷ್ಟನ ದುಃಖವೇ ತನ್ನದೆಂದು ಅವನಿಗೆ ಅನಿಸಿತು. ತನ್ನದೇ ಕವಿತೆ ಬರೆಯಹೊರಟರೆ ಓವಿಡ್ಡನ ಸಾಲುಗಳು ಅಡ್ಡಬಂದವು.

ಇಲ್ಲಿ ಚರಿತ್ರೆಯ ವಿದ್ಯಾರ್ಥಿ ಗಮನಿಸಬೇಕಾದ ಸಂಗತಿಯೊಂದುಂಟು. ಈ ವರ್ಣನೆ ಅಂದಿನ ದಿನಚರಿಯದಲ್ಲ. ರೋಮಿನ ಎರಡನೆಯ ವಾಸವನ್ನು ಹೇಳುವ ಭಾಗ ಅಚ್ಚಾದದ್ದು 1829ರಲ್ಲಿ, ಗಯಟೆ 80ರ ವೃದ್ಧನಾದಾಗ. ಓವಿಡ್ಡನ ಸಾಲುಗಳೊಂದಿಗೇ ಗ್ರಂಥವೂ ಮುಗಿಯುತ್ತದೆ. ಈ ನಡುವೆ 1790ರಲ್ಲಿ ವೆನಿಸ್ಸಿನವರೆಗೆ ಹೋಗಿಬಂದರೂ ರೋಮನ್ನು ಅವನು ಮತ್ತೆ ಕಾಣಲಿಲ್ಲ. ಆದ್ದರಿಂದ ಆ ಬೆಳದಿಂಗಳಿನಲ್ಲಿ ನಡೆಯುವ ಯಾತ್ರಿಕನೊಡನೆ, ಮರಳಿ ಬರಲಾಗಲಿಲ್ಲವೆಂದು ಬಲ್ಲ ಮುದುಕನೂ ನಡೆಯುತ್ತಿದ್ದಾನೆ.

ಇನ್ನೊಂದು ಮಾತು. ಅದೇ 1788ರ ಫೆಬ್ರವರಿಯಲ್ಲಿ, ಮನಸ್ಸು ಖಿನ್ನವಾಗಿದ್ದ ಒಂದು ಸಂಜೆ, ಗಯಟೆ ರೋಮಿನ ಸೆಸ್ಟಿಯಸ್ ಪಿರಮಿಡ್ಡಿನ ಬಳಿ ತನ್ನದೇ ಸಮಾಧಿಯನ್ನು ಕಲ್ಪಿಸಿ ಚಿತ್ರ ಬರೆದಿದ್ದನು. ಗ್ರಂಥ ಅಚ್ಚಾದ ಮರುವರ್ಷ ಅವನ ಮಗ ಆಗಸ್ಟ್ ತಾನೂ ಇಟಲಿಯನ್ನು ನೋಡಲೆಂದು ಹೊರಟನು. ರೋಮ್ ಸೇರಿದ ಕೆಲವೇ ದಿನಗಳಲ್ಲಿ, 1830ರ ಅಕ್ಟೋಬರಿನಲ್ಲಿ, ತನ್ನ 40ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆ ಪಿರಮಿಡ್ಡಿನ ಪಕ್ಕದ ಸ್ಮಶಾನದಲ್ಲೇ ಅವನನ್ನು ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವನ ಹೆಸರಿಲ್ಲ. ಗಯಟೆಯ ಮಗ, ತಂದೆಗಿಂತ ಮುಂಚೆ ಹೋದವನು ಎಂದಷ್ಟೇ ಲ್ಯಾಟಿನ್ನಿನಲ್ಲಿ ಕೆತ್ತಿದೆ. ತಂದೆ ತನಗಾಗಿ ಬಯಸಿದ ನೆಲ ಮಗನಿಗೆ ದಕ್ಕಿತು.