ಸಮವಸ್ತ್ರ ಕಳಚಿಟ್ಟು ವರದಿ ಬರೆದ ಕ್ಯಾಪ್ಟನ್ ಮಣಿ

ಈ ಸಂಚಿಕೆಯಲ್ಲಿ ಪಿ.ಆರ್.ಎಸ್. ಮಣಿ ಅನ್ನೋ ಪತ್ರಕರ್ತರ ಬಗ್ಗೆ ಮಾತಾಡೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಇವರು ಬ್ರಿಟಿಷ್ ಇಂಡಿಯನ್ ಆರ್ಮಿಯಲ್ಲಿ ಕ್ಯಾಪ್ಟನ್. ಮೈಮೇಲೆ ಯೂನಿಫಾರ್ಮ್ ಇತ್ತು, ಕೆಲಸ ಮಾತ್ರ ಬರೆಯೋದು. ಸೈನ್ಯದ ಸಾರ್ವಜನಿಕ ಸಂಪರ್ಕ ಅಧಿಕಾರಿಯಾಗಿ ಜವಾನರ ಜೊತೆಗೇ ಓಡಾಡಿ, ಅವರ ಸುದ್ದಿಯನ್ನ ಊರಿಗೆ ಮುಟ್ಟಿಸೋ ಜವಾಬ್ದಾರಿ ಅವರದು.

ಇಂಥ ಹುದ್ದೆ ಯಾಕೆ ಬೇಕಿತ್ತು? 1939ರಲ್ಲಿ ಸುಮಾರು 2 ಲಕ್ಷ ಇದ್ದ ಭಾರತೀಯ ಸೈನ್ಯ, 1945ರ ಹೊತ್ತಿಗೆ 25 ಲಕ್ಷದಷ್ಟಾಗಿತ್ತು. ಅಷ್ಟೂ ಜನರ ಮನೆಯವರಿಗೆ ಮಗ ಎಲ್ಲಿದ್ದಾನೆ, ಹೇಗಿದ್ದಾನೆ ಅನ್ನೋ ಚಿಂತೆ. ಇನ್ನೊಂದು ಕಡೆ 1942ರ ಕ್ವಿಟ್ ಇಂಡಿಯಾ ಚಳವಳಿ ಆದಮೇಲೆ ಕಾಂಗ್ರೆಸ್ ನಾಯಕರೆಲ್ಲ ಜೈಲಲ್ಲಿ. ಯಾರ ಯುದ್ಧಕ್ಕೆ ಯಾರು ಸಾಯ್ತಿದ್ದಾರೆ ಅಂತ ಜನ ಕೇಳ್ತಿದ್ದರು. ಹಾಗಾಗಿ ಸೈನ್ಯ ಪತ್ರಕರ್ತರನ್ನೇ ಒಳಗೆ ಸೇರಿಸಿಕೊಂಡಿತು. ಅವರು ಬರೆದದ್ದು ಸೆನ್ಸಾರ್ ದಾಟಿಕೊಂಡು ಪತ್ರಿಕೆಗಳಿಗೆ ಹೋಗುತ್ತಿತ್ತು.

ಬರ್ಮಾದಲ್ಲಿ ಜಪಾನಿಗಳ ವಿರುದ್ಧ ಕಾದಾಟ ನಡೆಯುವಾಗ ಈ ಕೆಲಸದಲ್ಲಿ ಅಂಥ ಇಕ್ಕಟ್ಟು ಇರಲಿಲ್ಲ. ನಮ್ಮ ಹುಡುಗ ಹೋರಾಡ್ತಿದ್ದಾನೆ, ಅವನ ಹೆಸರು, ಅವನ ಊರು ಪೇಪರಲ್ಲಿ ಬಂತು ಅಂದ್ರೆ ಸ್ವಾತಂತ್ರ್ಯ ಬೇಕು ಅನ್ನೋರಿಗೂ ಖುಷಿಯೇ. ಮಣಿಯವರೂ ರಾಷ್ಟ್ರೀಯವಾದಿ ಮನಸ್ಸಿನವರು. ಅವರಿಗೆ ಕಷ್ಟ ಶುರುವಾಗಿದ್ದು ಯುದ್ಧ ಮುಗಿದ ಮೇಲೆ.

1945ರ ಆಗಸ್ಟ್ 15ಕ್ಕೆ ಜಪಾನ್ ಶರಣಾಯಿತು. ಎರಡೇ ದಿನಕ್ಕೆ, ಆಗಸ್ಟ್ 17ರಂದು, ಸುಕಾರ್ನೊ ಮತ್ತು ಹಟ್ಟಾ ಇಂಡೋನೇಷ್ಯಾದ ಸ್ವಾತಂತ್ರ್ಯ ಘೋಷಿಸಿದರು. ಅದಕ್ಕೂ ಮುಂಚೆ ಅದು ಡಚ್ಚರ ವಸಾಹತು. ಜಪಾನಿ ಸೈನಿಕರ ಆಯುಧ ಇಳಿಸೋದು, ಸೆರೆಯಲ್ಲಿದ್ದವರನ್ನ ಬಿಡಿಸೋದು ಅನ್ನೋ ಹೆಸರಲ್ಲಿ ಬ್ರಿಟಿಷರು ಅಲ್ಲಿಗೆ ಸೈನ್ಯ ಕಳಿಸಿದರು. ಆ ಸೈನ್ಯದಲ್ಲಿ ಹೆಚ್ಚಿನವರು ಭಾರತೀಯರು. ಇವರ ಬೆನ್ನ ಹಿಂದೆಯೇ ಡಚ್ಚರು ವಾಪಸ್ ಬರ್ತಾರೆ ಅನ್ನೋದು ಅಲ್ಲಿನವರ ಭಯ.

ಅಕ್ಟೋಬರ್ 25ರಂದು 49ನೇ ಬ್ರಿಗೇಡ್ ಜಾವಾದ ಸುರಬಾಯಾ ಬಂದರಿನಲ್ಲಿ ಇಳಿಯಿತು. ಮಣಿ ಸುರಬಾಯಾಗೆ ಬಂದದ್ದು ಈ ಬ್ರಿಗೇಡ್ ಜೊತೆಗೇ. ಬ್ರಿಗೇಡಿಯರ್ ಮ್ಯಾಲಬಿ ಊರಿನ ಮುಖಂಡರ ಜೊತೆ ಒಂದು ಒಪ್ಪಂದಕ್ಕೆ ಬಂದಿದ್ದರು. ಆದರೆ 27ರಂದು ಮೇಲಧಿಕಾರಿಗಳು ವಿಮಾನದಿಂದ ಕರಪತ್ರ ಉದುರಿಸಿದರು: ಇಂಡೋನೇಷ್ಯನ್ನರೂ ಆಯುಧ ಒಪ್ಪಿಸಬೇಕು. ಮಾತು ಮುರಿದರು ಅಂತ ಊರು ಸಿಡಿದೆದ್ದಿತು. ಮಾರನೇ ದಿನವೇ ದಾಳಿ. ಊರ ತುಂಬ ಸಣ್ಣ ಸಣ್ಣ ಗುಂಪಾಗಿ ಚದುರಿ ನಿಂತಿದ್ದ ಭಾರತೀಯ ಸೈನಿಕರು ನೂರಾರು ಸಂಖ್ಯೆಯಲ್ಲಿ ಬಲಿಯಾದರು. 30ರಂದು ಮ್ಯಾಲಬಿಯವರೂ ಸತ್ತರು. ನವೆಂಬರ್ 10ಕ್ಕೆ ಬ್ರಿಟಿಷರು ಹಡಗು, ವಿಮಾನಗಳಿಂದ ಬಾಂಬು ಸುರಿದು ಊರಿನ ಮೇಲೆ ನುಗ್ಗಿದರು. ಬೀದಿ ಬೀದಿಯಲ್ಲಿ ಸುಮಾರು ಮೂರು ವಾರ ಕಾದಾಟ ನಡೆಯಿತು. ಇಂಡೋನೇಷ್ಯಾ ಈಗಲೂ ನವೆಂಬರ್ 10ನ್ನು ವೀರರ ದಿನವಾಗಿ ಆಚರಿಸುತ್ತೆ.

ಇಲ್ಲಿ ಇನ್ನೊಂದು ತಾರೀಖು ಜೋಡಿಸಿ ನೋಡಿ. ನವೆಂಬರ್ 5ಕ್ಕೆ ದೆಹಲಿಯ ಕೆಂಪು ಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ಶುರುವಾಗಿತ್ತು. ಅಂದ್ರೆ, ಬ್ರಿಟಿಷರ ವಿರುದ್ಧ ಬಂದೂಕು ಎತ್ತಿದವರ ಪರ ದೇಶ ಬೀದಿಗಿಳಿದ ವಾರವೇ, ನಮ್ಮವರನ್ನ ಇನ್ನೊಂದು ದೇಶದ ಸ್ವಾತಂತ್ರ್ಯದ ಎದುರು ನಿಲ್ಲಿಸಲಾಗಿತ್ತು. ಇದು ತಪ್ಪು ಅಂತ ನೆಹರೂ ಬಹಿರಂಗವಾಗಿಯೇ ಹೇಳಿದರು.

ಈಗ ಮಣಿಯವರ ಜಾಗದಲ್ಲಿ ನಿಂತು ಯೋಚಿಸಿ. ಸತ್ತವರು ಅವರ ಜೊತೆಗೇ ಇದ್ದ ಜವಾನರು. ಕೊಂದವರು ಕೇಳ್ತಿದ್ದದ್ದು ಭಾರತ ಕೇಳ್ತಿದ್ದದ್ದನ್ನೇ. ಎರಡೂ ನಿಜ. ಆದರೆ ಎರಡನೆಯದನ್ನ ಸೈನ್ಯದ ಪ್ರಕಟಣೆಯಲ್ಲಿ ಬರೆಯೋಕೆ ಆಗಲ್ಲ.

ನಾನು ಬಿ.ಕಾಂ. ಓದಿದವನು. ಆಡಿಟಿಂಗ್ ಪಾಠದಲ್ಲಿ ನಮಗೆ ಮೊದಲು ಹೇಳಿಕೊಡೋದು, ಲೆಕ್ಕ ಬರೆಯೋನು ಬೇರೆ, ಲೆಕ್ಕ ಪರಿಶೀಲಿಸೋನು ಬೇರೆ ಇರಬೇಕು ಅಂತ. ಆಡಿಟರ್ ಎಷ್ಟೇ ಪ್ರಾಮಾಣಿಕ ಆಗಿರಲಿ, ಅದೇ ಕಂಪನಿಯ ಸಂಬಳದಲ್ಲಿದ್ದರೆ ಅವನ ಸಹಿಗೆ ಬೆಲೆ ಕಮ್ಮಿ. ಮಾಹಿತಿ ಅಧಿಕಾರಿಯ ಪಾಡೂ ಹಾಗೇ. ಅವನು ಸುಳ್ಳೇ ಬರೀಬೇಕು ಅಂತೇನಿಲ್ಲ. ಪೂರ್ತಿ ಬರೆಯೋ ಹಾಗಿಲ್ಲ, ಅಷ್ಟೇ.

ಮಣಿ ಸೈನ್ಯ ಬಿಟ್ಟರು. ಬಿಟ್ಟು ಮನೆಗೆ ಹೋಗಿ ಕೂರಲಿಲ್ಲ. ಬಾಂಬೆಯ ಫ್ರೀ ಪ್ರೆಸ್ ಜರ್ನಲ್ ಪತ್ರಿಕೆಯ ವರದಿಗಾರರಾಗಿ 1946ರಲ್ಲಿ ಇಂಡೋನೇಷ್ಯಾಗೇ ವಾಪಸ್ ಹೋದರು. ಸದಾನಂದ್ ಅವರು ಕಟ್ಟಿದ ಆ ಪತ್ರಿಕೆ ಸ್ವಾತಂತ್ರ್ಯ ಹೋರಾಟದ ಪರ ಇತ್ತು. ಅದೇ ವರ್ಷ ಇಂಡೋನೇಷ್ಯಾದ ಪ್ರಧಾನಿ ಶಹರೀರ್, ಆಹಾರ ಕೊರತೆಯಲ್ಲಿದ್ದ ಭಾರತಕ್ಕೆ 5 ಲಕ್ಷ ಟನ್ ಅಕ್ಕಿ ಕೊಡ್ತೀವಿ ಅಂದರು. ನಮ್ಮ ಸೈನ್ಯ ಇನ್ನೂ ಅವರ ನೆಲದಲ್ಲಿ ಇದ್ದಾಗಲೇ! ಮುಂದೆ ಮಣಿ ಭಾರತದ ವಿದೇಶಾಂಗ ಸೇವೆ ಸೇರಿದರು. ಇಂಡೋನೇಷ್ಯಾ ಕ್ರಾಂತಿಯ ಕುರಿತ ಅವರ ಪುಸ್ತಕ 1986ರಲ್ಲಿ ಮದ್ರಾಸಿನಲ್ಲಿ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಸುರಬಾಯಾದ ಘಟನೆ ನಡೆದು 41 ವರ್ಷ ಆಗಿತ್ತು.

ಎದುರು ಪಾಳಯದಲ್ಲೂ ಒಬ್ಬ ಪತ್ರಕರ್ತ ಇದ್ದ, ಬುಂಗ್ ತೋಮೊ. ಸುದ್ದಿ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ, ಇಪ್ಪತ್ತೈದರ ಹರೆಯದ ಹುಡುಗ. ರೇಡಿಯೊದಲ್ಲಿ ಅವನು ಮಾಡಿದ ಭಾಷಣ ಕೇಳಿಯೇ ಸುರಬಾಯಾ ಹೋರಾಟಕ್ಕೆ ನಿಂತಿತು ಅಂತಾರೆ. ಇವತ್ತು ಅವನು ಆ ದೇಶದ ರಾಷ್ಟ್ರೀಯ ವೀರ. ಅವನಿಗೆ ತನ್ನ ಜನ, ತನ್ನ ಮಾತು ಎರಡೂ ಒಂದೇ ಕಡೆ ಇದ್ದವು. ಮಣಿಯವರಿಗೆ ಆ ಅನುಕೂಲ ಇರಲಿಲ್ಲ.

ಇನ್ನು ಸತ್ತ ಜವಾನರ ವಿಷಯ. 49ನೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಲ್ಲಿ ಎರಡು ಮರಾಠಾ ಲೈಟ್ ಇನ್‌ಫಂಟ್ರಿಯವು. ಆ ರೆಜಿಮೆಂಟಿನ ಕೇಂದ್ರ ಇರೋದು ನಮ್ಮ ಬೆಳಗಾವಿಯಲ್ಲಿ. ಇಂಡೋನೇಷ್ಯಾದ ಕಥೆಯಲ್ಲಿ ಈ ಜವಾನರು ಶತ್ರುಗಳು. ನಮ್ಮ ಸ್ವಾತಂತ್ರ್ಯದ ಕಥೆಯಲ್ಲಿ ಅವರಿಗೆ ಜಾಗವೇ ಸಿಗಲಿಲ್ಲ. ಶಾಲೆಯಲ್ಲಿ ಇತಿಹಾಸ ಓದಿದ ನಾನು ಸುರಬಾಯಾ ಅನ್ನೋ ಹೆಸರನ್ನ ಅಲ್ಲಿ ಒಂದು ಸಲವೂ ಓದಿಲ್ಲ.

ಮಣಿಯವರ ಕಾಗದಪತ್ರ ಉಳಿದಿವೆ, ಸಂಶೋಧಕರು ಅದನ್ನ ಓದಿ ಬರೀತಿದ್ದಾರೆ. ಜವಾನರ ಕಾಗದ? ಅವು ಉಳಿದಿದ್ದರೆ ಯಾವುದೋ ಮನೆಯ ಟ್ರಂಕಿನಲ್ಲಿ ಇರಬೇಕು. ಬೆಳಗಾವಿ ಕಡೆಯ ಕೇಳುಗರೇ, ನಿಮ್ಮ ಮನೆಯಲ್ಲಿ ಮುತ್ತಜ್ಜ ಜಾವಾಗೆ ಹೋಗಿದ್ದರು ಅನ್ನೋ ಮಾತಿದ್ದರೆ, ಒಂದು ಪತ್ರ, ಒಂದು ಫೋಟೊ, ಒಂದು ಮೆಡಲ್ ಇದ್ದರೆ, ನಮಗೆ ತಿಳಿಸಿ. ಅದನ್ನ ಇಟ್ಟುಕೊಂಡೇ ಇನ್ನೊಂದು ಸಂಚಿಕೆ ಮಾಡೋಣ.